ಅತ್ತಿಗೆಯ ಬೆನ್ನಿಗೊಂದು ಕೋಡ್

ಆಸ್ಪತ್ರೆಯಲ್ಲಿ ಎಲ್ಲರೂ ಅವಳನ್ನು ಸೂಜಿ ಅನ್ನುತ್ತಿದ್ದರು. ಹಾಗಂತ ಅವಳು ಚುಚ್ಚುಮದ್ದು ಕೊಡುವವಳೇನಲ್ಲ. ಅವಳ ಕೈ ಒಬ್ಬ ರೋಗಿಯ ಮೈಯನ್ನೂ ಮುಟ್ಟಿದ್ದಿಲ್ಲ. ಮೇಲಿನ ಮಹಡಿಯ ಕೋಡಿಂಗ್ ಕೋಣೆಯಲ್ಲಿ ಕೂತು, ಡಾಕ್ಟರುಗಳು ಬರೆದ ರೋಗಕ್ಕೆ ತಕ್ಕ ಕೋಡ್ ಹುಡುಕಿ ಹಾಕುವುದು ಅವಳ ಕೆಲಸ. ಒಂದು ಇಂಗ್ಲಿಷ್ ಅಕ್ಷರ, ಅದರ ಹಿಂದೆ ಕೆಲವು ಅಂಕಿ. ಕೆಮ್ಮಿಗೊಂದು, ಕಾಲು ಮುರಿದದ್ದಕ್ಕೊಂದು, ನಾಯಿ ಕಚ್ಚಿದ್ದಕ್ಕೊಂದು. ಮನುಷ್ಯನ ಮೈಗೆ ಏನೇನು ಆಗಬಹುದೋ ಅದಕ್ಕೆಲ್ಲ ಅವಳ ಮೇಜಿನ ಮೇಲಿನ ದಪ್ಪ ಪುಸ್ತಕದಲ್ಲಿ ಒಂದೊಂದು ಜಾಗ ಇತ್ತು.

ಡಾಕ್ಟರುಗಳು ಅವಸರದವರು. ಅರ್ಧ ಬರೆದು ಅರ್ಧ ನುಂಗುತ್ತಾರೆ. ಅಂಥ ಫೈಲು ಬಂದರೆ ಉಳಿದವರು ಹೇಗೋ ಒಂದು ಕೋಡ್ ಬಡಿದು ಕೈತೊಳೆದುಕೊಳ್ಳುತ್ತಿದ್ದರು. ಇವಳು ಮಾತ್ರ ಬಿಡುತ್ತಿರಲಿಲ್ಲ. ಪ್ರಶ್ನೆ ಚೀಟಿ ಬರೆದು ಡಾಕ್ಟರಿಗೆ ಕಳಿಸುತ್ತಿದ್ದಳು. ಬಲಗಾಲೋ ಎಡಗಾಲೋ, ಹೊಸ ನೋವೋ ಹಳೆಯದೋ, ಬಿದ್ದು ಬಂದದ್ದೋ ತಾನಾಗಿ ಬಂದದ್ದೋ ಎಂದು ಚುಚ್ಚಿ ಚುಚ್ಚಿ ಕೇಳುತ್ತಿದ್ದಳು. ಹೆಸರು ಅಂಟಿದ್ದು ಅದರಿಂದ. ಅವಳಿಗೇನೂ ಬೇಸರವಿರಲಿಲ್ಲ. ಒಳಗೊಳಗೇ ಹೆಮ್ಮೆಯೂ ಇತ್ತು.

ಪಕ್ಕದ ಮೇಜಿನವನಿಗೂ ಒಂದು ಅಡ್ಡಹೆಸರಿತ್ತು. ಯಾವ ಫೈಲು ಕೊಟ್ಟರೂ ಪುಟ ತಿರುವುವ ಮೊದಲೇ “ಆಯ್ತಪ್ಪ” ಅನ್ನುತ್ತಿದ್ದದ್ದರಿಂದ ಅವನು ಆಯ್ತಪ್ಪನೇ ಆಗಿಬಿಟ್ಟಿದ್ದ. ಬೆನ್ನುನೋವಿನ ಫೈಲುಗಳೆಂದರೆ ಅವನಿಗೆ ಹಬ್ಬ. ಏಕೆಂದರೆ ಬೆನ್ನುನೋವಿಗೆ ‘ಕಾರಣ ನಿರ್ದಿಷ್ಟವಿಲ್ಲ’ ಎಂಬ ಒಂದು ಕೋಡ್ ಇದೆ. ಕೋಣೆಯಲ್ಲಿ ಅದನ್ನು ಕಸದ ಬುಟ್ಟಿ ಅನ್ನುತ್ತಿದ್ದರು. ಯಾವ ಬೆನ್ನನ್ನಾದರೂ ಅದರೊಳಗೆ ಎಸೆಯಬಹುದು, ಯಾರೂ ತಪ್ಪು ಅನ್ನುವ ಹಾಗಿಲ್ಲ. ಆಯ್ತಪ್ಪ ಬೆಳಗಿನ ಚಹಾ ಆರುವುದರೊಳಗೆ ರಾಶಿ ಬೆನ್ನುಗಳನ್ನು ಬುಟ್ಟಿಗೆ ತುಂಬಿ ಕೈ ಕೊಡವುತ್ತಿದ್ದ.

“ಪಾಪ, ಒಂದೊಂದು ಬೆನ್ನಿಗೂ ಒಬ್ಬೊಬ್ಬ ಮನುಷ್ಯ ಇರ್ತಾನೆ, ಗೊತ್ತಾ?” ಎಂದು ಸೂಜಿ ಅವನನ್ನು ಹಂಗಿಸುತ್ತಿದ್ದಳು.

“ಇರ್ತಾನೆ. ಅವನೂ ಬೇಗ ಮನೆಗೆ ಹೋಗ್ಲಿ, ನಾನೂ ಬೇಗ ಮನೆಗೆ ಹೋಗ್ತೀನಿ,” ಅನ್ನುತ್ತಿದ್ದ ಅವನು.

ಆ ಕೋಣೆಯಲ್ಲಿ ಮೂರು ಕಟ್ಟುನಿಟ್ಟಿನ ನಿಯಮಗಳಿದ್ದವು. ಒಂದು, ಫೈಲಿನಲ್ಲಿ ಡಾಕ್ಟರು ಬರೆದದ್ದಕ್ಕೆ ಮಾತ್ರ ಕೋಡ್ ಹಾಕಬೇಕು. ಕಿವಿಗೆ ಬಿದ್ದದ್ದಕ್ಕೆ, ಕಣ್ಣಿಗೆ ಕಂಡದ್ದಕ್ಕೆ ಹಾಕುವಂತಿಲ್ಲ. ಇನ್ನೊಂದು, ಪ್ರಶ್ನೆ ಚೀಟಿಯಲ್ಲಿ ಉತ್ತರವನ್ನು ಡಾಕ್ಟರ ಬಾಯಿಗೆ ತುರುಕಬಾರದು. ನಾಲ್ಕಾರು ಚೌಕ ಬರೆದು, ಫೈಲಿನಲ್ಲಿ ಆಧಾರವಿರುವುದನ್ನಷ್ಟೇ ಅದರಲ್ಲಿಟ್ಟು, ಆರಿಸಿಕೊಳ್ಳಲು ಅವರಿಗೇ ಬಿಡಬೇಕು. ಮತ್ತೊಂದು, ನೆಂಟರಿಷ್ಟರ ಫೈಲು ಬಂದರೆ ಮುಟ್ಟದೆ ಪಕ್ಕದವರಿಗೆ ದಾಟಿಸಬೇಕು. ಮುಟ್ಟಿದ್ದು ಗೊತ್ತಾದರೆ ಆ ಫೈಲಿನ ಮೇಲೆ ಮಾಡಿದ್ದೆಲ್ಲ ರದ್ದು, ಮುಟ್ಟಿದವರ ಕೆಲಸವೂ ರದ್ದು. ಇನ್ನು, ಹಾಕಿದ ಕೋಡ್ ಆಮೇಲೆ ಯಾವ ಕೋಣೆಗೆ ಹೋಗುತ್ತದೆ, ಅದರಿಂದ ಯಾರಿಗೆ ಏನಾಗುತ್ತದೆ ಎಂಬುದನ್ನು ಕೋಡ್ ಹಾಕುವವರಿಗೆ ಹೇಳುತ್ತಿರಲಿಲ್ಲ. ಗೊತ್ತಾದರೆ ಕೈ ಅತ್ತಿತ್ತ ವಾಲುತ್ತದೆ ಎಂದು ಮೇಲ್ವಿಚಾರಕಿಯ ನಂಬಿಕೆ.

ಸೂಜಿಯ ಅತ್ತಿಗೆ ಅದೇ ಆಸ್ಪತ್ರೆಯ ಹಿಂಭಾಗದಲ್ಲಿ, ಬಟ್ಟೆ ಒಗೆಯುವ ಶೆಡ್ಡಿನಲ್ಲಿ ದುಡಿಯುತ್ತಿದ್ದಳು. ಅವಳು ಸೂಜಿಯ ಅಣ್ಣನ ಹೆಂಡತಿ. ಅಣ್ಣ ತೀರಿಕೊಂಡು ವರ್ಷಗಳಾಗಿದ್ದವು. ಅವನು ಹೋದ ಮೇಲೆ ಎರಡು ಕೋಣೆಯ ಬಾಡಿಗೆ ಮನೆಯಲ್ಲಿ ಉಳಿದವರು ಇವರಿಬ್ಬರೇ. ಶೆಡ್ಡಿನವರು ಹಿಂದಿನ ಗೇಟಿನಿಂದ ಒಳಗೆ ಬರುತ್ತಾರೆ, ಮೇಲಿನ ಮಹಡಿಯವರು ಮುಂದಿನ ಬಾಗಿಲಿನಿಂದ. ಅತ್ತಿಗೆ ಬೆಳಕು ಹರಿಯುವಾಗ ಹೊರಟರೆ ಸೂಜಿ ಬಿಸಿಲೇರಿದ ಮೇಲೆ ಹೊರಡುತ್ತಾಳೆ. ಹಾಗಾಗಿ ಇವರಿಬ್ಬರೂ ಒಂದೇ ಮನೆಯವರು ಎಂದು ಆಸ್ಪತ್ರೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಸೂಜಿ ಮುಚ್ಚಿಟ್ಟಿದ್ದಳು ಅನ್ನುವ ಹಾಗೂ ಇಲ್ಲ. ಯಾರೂ ಕೇಳಲಿಲ್ಲ, ಇವಳೂ ಹೇಳಲಿಲ್ಲ.

ಅತ್ತಿಗೆಯ ಬಾಯಿ ಜೋರು. ನಾದಿನಿ ಎಂದರೆ ಅವಳಿಗೆ ಪ್ರೀತಿ ಇರಲಿಲ್ಲವೆಂದಲ್ಲ, ಆದರೆ ಆ ಪ್ರೀತಿ ಹೊರಗೆ ಬರುವಾಗ ಮುಳ್ಳು ಹಚ್ಚಿಕೊಂಡೇ ಬರುತ್ತಿತ್ತು. ಸೂಜಿ ಕುರ್ಚಿಯಲ್ಲಿ ಕೂತು ಕೂತು ಕತ್ತು ಹಿಡಿಯಿತು ಅಂದರೆ, “ಅಯ್ಯೋ, ದೊರೆಸಾನಿಗೆ ಕತ್ತು ನೋವಂತೆ, ಪೆನ್ನು ಬಲು ಭಾರ ಇತ್ತೇನೋ,” ಅನ್ನುತ್ತಿದ್ದಳು. ಅಂದವಳೇ ಎದ್ದು ಬಿಸಿನೀರು ಕಾಯಿಸಿ ಕೊಡುತ್ತಿದ್ದಳು.

ಅತ್ತಿಗೆಯ ಕೆಲಸ ನಿಜಕ್ಕೂ ಭಾರದ್ದು. ವಾರ್ಡುಗಳಿಂದ ಬಂದ ಹಾಸಿಗೆ ಚಾದರಗಳು ದೊಡ್ಡ ಯಂತ್ರದಲ್ಲಿ ತಿರುಗಿ ತಿರುಗಿ ಒಂದಕ್ಕೊಂದು ಹೆಣೆದುಕೊಂಡು ಒದ್ದೆ ಹಗ್ಗವಾಗಿರುತ್ತಿದ್ದವು. ಯಂತ್ರದ ಬಾಯೊಳಗೆ ಅರ್ಧ ಮೈ ತೂರಿಸಿ ಅವನ್ನು ಎಳೆಯಬೇಕು. ಒಂದರ ತುದಿ ಹಿಡಿದು ಎಳೆದರೆ ಮಿಕ್ಕವೆಲ್ಲ ಜೊತೆಗೇ ಬರುತ್ತವೆ, ಬರುವಾಗ ಮನುಷ್ಯನನ್ನೂ ಎಳೆದುಕೊಂಡೇ ಬರುತ್ತವೆ. ಆಮೇಲೆ ಗಾಡಿಗೆ ತುಂಬಬೇಕು. ಗಾಡಿಯ ಒಂದು ಚಕ್ರ ಸದಾ ಅಡ್ಡ ತಿರುಗುತ್ತಿತ್ತು. ರಿಪೇರಿ ಮಾಡಿಸಿ ಎಂದು ಹೇಳಿ ಹೇಳಿ ಅತ್ತಿಗೆಯ ನಾಲಿಗೆ ಸವೆದಿತ್ತು.

ಒಂದು ಬೆಳಗ್ಗೆ ಹಾಗೆ ಎಳೆಯುವಾಗ ಸೊಂಟದೊಳಗೆ ಕಡ್ಡಿ ಮುರಿದ ಹಾಗೆ ಆಯಿತಂತೆ. ಬಗ್ಗಿದವಳು ಬಗ್ಗಿದ ಹಾಗೇ ಉಳಿದಳಂತೆ. ಜೊತೆಯ ಇಬ್ಬರು ಹೆಂಗಸರು ಯಂತ್ರದ ಬಾಯಿಂದ ಅವಳನ್ನು ಈಚೆಗೆ ತೆಗೆದರಂತೆ, ಇನ್ನೊಂದು ಚಾದರ ತೆಗೆದ ಹಾಗೆ. ಶೆಡ್ಡಿನ ಮೇಸ್ತ್ರಿ ಬಂದು ನೋಡಿ, ಹೋಗಿ ತೋರಿಸಿಕೊಂಡು ಬಾ ಎಂದನಂತೆ. ಎಲ್ಲಿಯೂ ಏನೂ ಬರೆಯಲಿಲ್ಲ. ಅತ್ತಿಗೆ ಗೋಡೆ ಹಿಡಿದುಕೊಂಡು ಮೂಳೆ ಡಾಕ್ಟರ ಕೋಣೆಗೆ ಹೋದಳು. ಅಲ್ಲಿ ಬೆನ್ನಿನ ಎಕ್ಸ್‌ರೇ ತೆಗೆದರು, ಮಾತ್ರೆ ಕೊಟ್ಟರು, ವಿಶ್ರಾಂತಿ ಅಂದರು.

ಸಂಜೆ ಸೂಜಿ ಮನೆಗೆ ಬಂದಾಗ ಅತ್ತಿಗೆ ನೆಲದ ಮೇಲೆ ಅಂಗಾತ ಮಲಗಿ ಚಾವಣಿಯ ಜೊತೆ ಮಾತಾಡುತ್ತಿದ್ದಳು.

“ಡಾಕ್ಟರಿಗೆ ಎಲ್ಲ ಹೇಳ್ದೆ ಕಣೇ. ಯಂತ್ರ, ಚಾದರ, ಎಳೆದದ್ದು, ಕಟಕ್ ಅಂದದ್ದು, ಎಲ್ಲ. ಅವರು ತಲೆ ಆಡಿಸ್ತಾ ಇದ್ರು. ಕಿಟಕಿ ಕಡೆ ನೋಡ್ಕೊಂಡು ಆಡಿಸಿದ್ರು, ಆದ್ರೂ ಆಡಿಸಿದ್ರು.”

ಆಮೇಲೆ ಅವಳು ಅಸಲು ವಿಷಯಕ್ಕೆ ಬಂದಳು. ಇನ್ನು ಯಂತ್ರದ ಮುಂದೆ ನಿಲ್ಲುವುದು ಅವಳಿಂದಾಗದು, ಅದು ಅವಳಿಗೇ ಗೊತ್ತಾಗಿತ್ತು. ಆದರೆ ಹರಿದ ಚಾದರ, ದಿಂಬಿನ ಚೀಲ ಹೊಲಿಯುವ ಒಂದು ಕೋಣೆ ಇದೆ. ಅಲ್ಲಿ ಕೂತು ಮಾಡುವ ಕೆಲಸ. ಕಿಟಕಿಯಲ್ಲಿ ಗಾಳಿ ಬರುತ್ತದೆ, ಕುರ್ಚಿಗೆ ಬೆನ್ನು ಇದೆ. ಕೆಲಸ ಮಾಡುವಾಗಲೇ ಪೆಟ್ಟಾಯಿತು ಎಂದು ಕಾಗದದಲ್ಲಿ ಬಂದರೆ ಅವಳನ್ನು ಅಲ್ಲಿ ಕೂರಿಸಲೇಬೇಕು, ಅದು ಆಸ್ಪತ್ರೆಯ ಕಾನೂನು. ಬರದಿದ್ದರೆ, ಮೈಯಲ್ಲಿ ಬಲವಿಲ್ಲ ಎಂದು ಮನೆಗೆ ಕಳಿಸುತ್ತಾರೆ. ಶೆಡ್ಡಿನ ಹೆಂಗಸರೆಲ್ಲ ಇದನ್ನು ಬಾಯಿಪಾಠ ಮಾಡಿಕೊಂಡಿದ್ದರು.

“ನಿಮ್ಮ ಪುಸ್ತಕದಲ್ಲಿ ನನ್ನ ಬೆನ್ನು ಎಷ್ಟನೇ ಪುಟದಲ್ಲಿದೆ, ನೋಡಿಟ್ಟಿರು,” ಎಂದು ಅತ್ತಿಗೆ ನಕ್ಕಳು. ನಗು ಸೊಂಟಕ್ಕೆ ತಾಗಿ ಮುಖ ಹಿಂಡಿಕೊಂಡಳು.

ಪುಟ ಸೂಜಿಗೆ ಗೊತ್ತಿತ್ತು. ತಾನಾಗಿ ಕೆಟ್ಟ ಬೆನ್ನುಗಳೆಲ್ಲ ‘ಎಂ’ ಅಕ್ಷರದಲ್ಲಿ ಇರುತ್ತವೆ. ಪೆಟ್ಟು ಬಿದ್ದು, ಉಳುಕಿ ಕೆಟ್ಟ ಬೆನ್ನುಗಳು ‘ಎಸ್’ ಅಕ್ಷರದಲ್ಲಿ. ನೋವು ಎರಡರಲ್ಲೂ ಒಂದೇ. ಅತ್ತಿಗೆಗೆ ಬೇಕಾದದ್ದು ಎಸ್.

ಎರಡು ದಿನ ಬಿಟ್ಟು ಅತ್ತಿಗೆಯ ಫೈಲು ಸೂಜಿಯ ಮೇಜಿನ ಫೈಲು ತಟ್ಟೆಗೇ ಬಂತು. ಹೆಸರನ್ನು ಎರಡು ಸಲ ಓದಿದಳು. ತೆರೆದಳು. ಮೂಳೆ ಡಾಕ್ಟರು ಬರೆದದ್ದು ಒಂದೇ ಸಾಲು: ಸೊಂಟನೋವು, ಎಕ್ಸ್‌ರೇಯಲ್ಲಿ ಸವೆತ, ವಿಶ್ರಾಂತಿ. ಯಂತ್ರವಿಲ್ಲ, ಚಾದರವಿಲ್ಲ, ಕಟಕ್ ಅಂದದ್ದೂ ಇಲ್ಲ. ಅತ್ತಿಗೆ ಬಾಯಿ ಒಣಗುವ ತನಕ ಹೇಳಿದ್ದೆಲ್ಲ ಆ ಕಿಟಕಿಯಿಂದ ಆಚೆ ಹಾರಿಹೋಗಿತ್ತು.

ದಾಟಿಸಬೇಕಾದ ಫೈಲು ಅದು. ದಾಟಿಸುವುದೇ ಆದರೆ ಪಕ್ಕದಲ್ಲಿ ಇದ್ದವನು ಆಯ್ತಪ್ಪ. ಸೂಜಿ ಅವನ ಕಡೆ ನೋಡಿದಳು. ಅವನು ಒಂದು ಕೈಯಲ್ಲಿ ಲೋಟ ಹಿಡಿದು ಇನ್ನೊಂದು ಕೈಯಲ್ಲಿ ಯಾರದೋ ಬೆನ್ನನ್ನು ಕಸದ ಬುಟ್ಟಿಗೆ ಹಾಕುತ್ತಿದ್ದ. ಈ ಫೈಲು ಕೊಟ್ಟರೂ ಅಷ್ಟೇ. ಆಯ್ತಪ್ಪ ಅಂದು ಎಸೆಯುತ್ತಾನೆ. ಕಾರಣ ನಿರ್ದಿಷ್ಟವಿಲ್ಲ. ಅತ್ತಿಗೆಯ ಇಷ್ಟು ವರ್ಷದ ದುಡಿಮೆಗೆ, ಆ ಒದ್ದೆ ಹಗ್ಗಗಳಿಗೆ, ಕಾರಣ ನಿರ್ದಿಷ್ಟವಿಲ್ಲ ಎಂಬ ಹಣೆಪಟ್ಟಿ. ತಾನು ದಿನವೂ ಹಂಗಿಸುವ ಆ ಉಡಾಫೆಯ ಕೈಗೆ ಸ್ವಂತ ಅತ್ತಿಗೆಯನ್ನು ಹೇಗೆ ಕೊಡುವುದು?

ಹಾಗೆಂದು ತಾನೇ ಎಸ್ ಹಾಕುವ ಯೋಚನೆ ಅವಳಿಗೆ ಬರಲೂ ಇಲ್ಲ. ಅದು ಕಳ್ಳತನ. ಅವಳು ಮಾಡಿದ್ದು ಬೇರೆ. ಫೈಲನ್ನು ದಾಟಿಸಲಿಲ್ಲ, ಪ್ರಶ್ನೆ ಚೀಟಿ ತೆಗೆದುಕೊಂಡಳು. ದಾಟಿಸದ ತಪ್ಪು ಅವಳನ್ನು ಕುಟುಕುತ್ತಲೇ ಇತ್ತು, ಹಾಗಾಗಿ ಉಳಿದದ್ದರಲ್ಲಾದರೂ ಕೂದಲೆಳೆಯಷ್ಟೂ ಅತ್ತಿತ್ತ ಆಗಬಾರದು ಎಂದು ಹಟ ಹಿಡಿದಳು. ಬೇರೆ ಯಾವ ಹೆಂಗಸಿನ ಫೈಲಾದರೂ, ಒಗೆಯುವ ಶೆಡ್ಡಿನವಳು ಎಂದು ಮೇಲೆಯೇ ಬರೆದಿದೆಯಲ್ಲ, ಅದನ್ನೇ ಆಧಾರ ಮಾಡಿಕೊಂಡು ‘ಕೆಲಸದಲ್ಲಿ ಉಳುಕು’ ಎಂಬ ಚೌಕವನ್ನು ಖಂಡಿತ ಇಡುತ್ತಿದ್ದಳು. ಎಷ್ಟೋ ಸಲ ಇಟ್ಟದ್ದೂ ಉಂಟು. ಇವತ್ತು ಇಡಲಿಲ್ಲ. ಇಟ್ಟರೆ ಅತ್ತಿಗೆಗಾಗಿ ಇಟ್ಟ ಹಾಗಾಗುತ್ತದೆ ಎಂದು ಅವಳ ಕೈಯೇ ಹಿಂದೆ ಸರಿಯಿತು. ವಯೋಸಹಜ ಸವೆತ ಎಂದು ಒಂದು ಚೌಕ, ಸವೆತದಿಂದ ನರ ಒತ್ತಿಕೊಂಡಿದೆ ಎಂದು ಒಂದು, ಕಾರಣ ಹೇಳಲಾಗದು ಎಂದು ಒಂದು, ಕೊನೆಗೆ ‘ಇತರೆ, ಬರೆಯಿರಿ’ ಎಂದು ಒಂದು ಉದ್ದದ ಗೆರೆ. ಡಾಕ್ಟರು ಎಲ್ಲ ಕೇಳಿಸಿಕೊಂಡಿದ್ದಾರಲ್ಲ, ತಲೆಯನ್ನೂ ಆಡಿಸಿದ್ದಾರಲ್ಲ. ಗೆರೆ ಕಂಡ ಕೂಡಲೇ ನೆನಪಾಗಿ ಬರೆಯುತ್ತಾರೆ. ಆ ಗೆರೆಯನ್ನು ಎಂದಿಗಿಂತ ಸ್ವಲ್ಪ ಉದ್ದವಾಗಿಯೇ ಎಳೆದಳು. ಅವಳು ಅತ್ತಿಗೆಗಾಗಿ ತೋರಿದ ಪಕ್ಷಪಾತ ಅಷ್ಟೇ.

ಮನೆಯಲ್ಲಿ ಈ ಸುದ್ದಿ ಎತ್ತಲಿಲ್ಲ. ಅತ್ತಿಗೆ ಮಾತ್ರ ಹೊಲಿಗೆ ಕೋಣೆಯ ಕನಸು ಕಾಣತೊಡಗಿದ್ದಳು. ಹಳೇ ಡಬ್ಬಿ ಹುಡುಕಿ ಸೂಜಿ ದಾರ ತೆಗೆದು, ಕನ್ನಡಕವಿಲ್ಲದೆ ದಾರ ಪೋಣಿಸಲು ಬರುತ್ತದೋ ಇಲ್ಲವೋ ಎಂದು ಮಲಗಿಕೊಂಡೇ ಅಭ್ಯಾಸ ಮಾಡುತ್ತಿದ್ದಳು. ಅಲ್ಲಿನ ಹೆಂಗಸರು ಬಲು ಹರಟೆಮಲ್ಲಿಯರಂತೆ, ತನ್ನ ಬಾಯಿಗೆ ಅಲ್ಲಾದರೂ ಬೆಲೆ ಬರುತ್ತದೆ ಅನ್ನುತ್ತಿದ್ದಳು. ಸೂಜಿ ಹೂಂಗುಟ್ಟುತ್ತಿದ್ದಳು.

ಚೀಟಿ ವಾಪಸು ಬಂತು. ಮೊದಲ ಚೌಕದಲ್ಲಿ ಗುರುತು ಬಿದ್ದಿತ್ತು. ವಯೋಸಹಜ ಸವೆತ. ಉದ್ದದ ಗೆರೆ ಹಾಗೇ ಖಾಲಿ ಇತ್ತು.

ಸೂಜಿ ಚೀಟಿ ಹಿಡಿದು ಕೆಳಗಿಳಿದಳು. ಹಾಗೆ ಡಾಕ್ಟರ ಬೆನ್ನು ಹತ್ತುವ ಪದ್ಧತಿಯಿಲ್ಲ, ಆದರೆ ಕಾಲು ಕೇಳಲಿಲ್ಲ. ಮೂಳೆ ಡಾಕ್ಟರು ಮೊಗಸಾಲೆಯಲ್ಲಿ ಕೈ ಒರೆಸಿಕೊಳ್ಳುತ್ತ ಬರುತ್ತಿದ್ದರು. ಸಿಡುಕಿನವರಲ್ಲ. ನಿಂತು ಕೇಳಿಸಿಕೊಂಡರು.

“ನಾಲ್ಕು ಚೌಕ ಕೊಟ್ಟವರು ನೀವೇ ತಾನೇ ಅಮ್ಮ? ಅದರಲ್ಲಿ ಹತ್ತಿರದ್ದಕ್ಕೆ ಗುರುತು ಹಾಕ್ದೆ. ಸುಳ್ಳೇನಲ್ಲ. ಈ ವಯಸ್ಸಲ್ಲಿ ಯಾರ ಬೆನ್ನಿನ ಚಿತ್ರ ತೆಗೆದ್ರೂ ಸವೆತ ಕಾಣುತ್ತೆ. ನನ್ನದು ತೆಗೆದ್ರೂ ಕಾಣುತ್ತೆ.”

“ಒದ್ದೆ ಬಟ್ಟೆ ಎಳೆಯುವಾಗ ನೋವು ಬಂತು ಅಂತ ಅವರು ನಿಮಗೆ ಹೇಳಿದ್ರಲ್ಲ ಸರ್.”

ಡಾಕ್ಟರು ಅವಳ ಮುಖ ನೋಡಿದರು. “ಹೇಳಿರಬಹುದು. ನಿಮಗೆ ಯಾರು ಹೇಳಿದ್ರು?”

ಸೂಜಿಯ ಹತ್ತಿರ ಇದ್ದದ್ದು ಒಂದೇ ಉತ್ತರ. ನನ್ನ ಅತ್ತಿಗೆ ಎಂಬ ಒಂದು ಮಾತು. ಹೇಳಿದರೆ ಕುರ್ಚಿ ಹೋಗುತ್ತದೆ. ಹೇಳಲಿಲ್ಲ. ಫೈಲಿನಲ್ಲಿ ಇರಬಹುದು ಅಂದುಕೊಂಡೆ ಎಂದು ತೊದಲಿದಳು. ಫೈಲಿನಲ್ಲಿದೆಯೇ ಎಂದು ಅವರು ಕೇಳಿದರು. ಇಲ್ಲ ಎಂದಳು.

“ನೀವು ಆ ಚೌಕ ಇಟ್ಟಿದ್ದಿದ್ರೆ ಅದಕ್ಕೇ ಗುರುತು ಹಾಕ್ತಿದ್ನೋ ಏನೋ,” ಎಂದರು ಡಾಕ್ಟರು. “ಈಗ ನೀವು ಬಾಯಲ್ಲಿ ಕೇಳಿ, ನಾನು ಬರೆದದ್ದು ಬದಲಾಯಿಸಿದ್ರೆ, ನಾಳೆ ಇಬ್ಬರನ್ನೂ ನಿಲ್ಲಿಸಿ ಕೇಳ್ತಾರೆ.” ಹೇಳಿ, ಒಳಗಿನಿಂದ ಯಾರೋ ಕರೆದದ್ದಕ್ಕೆ ಓಗೊಟ್ಟು ಹೋದರು.

ಅವಳು ಮೇಲೆ ಬಂದು ಕೂತಳು. ಒಮ್ಮೆ ಕೇಳಿದ್ದನ್ನು ಬೇಕಾದ ಉತ್ತರ ಬರುವ ತನಕ ಮತ್ತೆ ಮತ್ತೆ ಕೇಳುವಂತಿಲ್ಲ. ಪುಸ್ತಕ ತೆರೆದು, ಎಂ ಅಕ್ಷರದಲ್ಲಿ, ಸವೆದ ಬೆನ್ನಿನ ಕೋಡ್ ಹಾಕಿದಳು. ಕೋಡ್ ಸರಿಯಾಗಿತ್ತು. ಯಾರು ತಪಾಸಣೆ ಮಾಡಿದ್ದರೂ ಬೆನ್ನು ತಟ್ಟುತ್ತಿದ್ದರು.

ಅವಳ ಮುಖ ಬಾಡಿದ್ದು ಕಂಡು ಆಯ್ತಪ್ಪ ಕುರ್ಚಿ ಸರಿಸಿಕೊಂಡು ಬಂದ. ಏನು, ಯಾವ ಡಾಕ್ಟರು ಬೈದರು ಎಂದು ಕೇಳಿದ. ಯಾರೂ ಬೈದಿಲ್ಲ, ಒಗೆಯುವ ಶೆಡ್ಡಿನ ಯಾರದೋ ಒಂದು ಬೆನ್ನು, ಕೇಳಿದ್ದಕ್ಕೆ ಸವೆತ ಅಂದರು ಎಂದಳು. ಆಯ್ತಪ್ಪ ಚ್ಚುಚ್ಚು ಎಂದ.

“ಕೇಳೋಕೆ ಯಾಕೆ ಹೋದ್ರಿ? ಹೋದ ವರ್ಷ ಅದೇ ಶೆಡ್ಡಿನ ಗಾಡಿಯವನದು ನನ್ನ ಹತ್ರ ಬಂದಿತ್ತು. ಎಂದಿನ ಹಾಗೆ ಬುಟ್ಟಿಗೆ ಹಾಕ್ದೆ. ಮೊನ್ನೆ ಗೇಟಲ್ಲಿ ಸಿಕ್ದ. ಕುರ್ಚಿ ಮೇಲೆ ಕಾಲಮೇಲೆ ಕಾಲು ಹಾಕ್ಕೊಂಡು ಕೂತಿದಾನೆ, ಮಹಾರಾಜ. ಏನಯ್ಯ ಅಂದ್ರೆ, ಕಾರಣ ಗೊತ್ತಿಲ್ಲ ಅಂತ ಬಂದ್ರೆ ಆಸ್ಪತ್ರೆಯ ಮೆಡಿಕಲ್ ಬೋರ್ಡಿನವರು ಆ ಮನುಷ್ಯನನ್ನೇ ಕರೆಸಿ ಕೇಳ್ತಾರಂತೆ. ಇವನು ಅಂಗಿ ಎತ್ತಿ ತೋರಿಸಿ, ಗಾಡಿ ಕಥೆ ಎಲ್ಲ ಹೇಳಿ ಅತ್ತನಂತೆ. ಕೂರೋ ಕೆಲಸ ಕೊಟ್ರಂತೆ. ಕಾರಣ ಬರೆದಿದ್ರೆ ಯಾರು ಕರೀತಾರೆ? ಕಾರಣ ಇದ್ಯಲ್ಲ, ಇನ್ನೇನು ಕೇಳೋದು.”

ಅವನು ಅದನ್ನು ತಮಾಷೆಗೆ ಹೇಳಿದ್ದ. ಲೋಟ ತೊಳೆಯಲು ಎದ್ದು ಹೋದ. ಸೂಜಿಗೆ ಕೂತ ಕುರ್ಚಿಯೇ ಕೆಳಗೆ ಇಳಿದ ಹಾಗಾಯಿತು. ಈ ಕೋಣೆಯಲ್ಲಿ ಇಷ್ಟು ವರ್ಷ ಕೂತು, ಕಸದ ಬುಟ್ಟಿಯ ತಳದಲ್ಲಿ ಒಂದು ಬಾಗಿಲಿದೆ ಎಂದು ಅವಳಿಗೆ ತಿಳಿದಿರಲಿಲ್ಲ. ಅವನಿಗೂ ತಿಳಿದಿರಲಿಲ್ಲ. ಆದರೆ ಅವನ ಸೋಮಾರಿ ಕೈ ಜನರನ್ನು ಆ ಬಾಗಿಲಿನಿಂದ ಕಳಿಸಿತ್ತು. ಇವಳ ಚುರುಕು ಕೈ ಅತ್ತಿಗೆಯ ಮುಖಕ್ಕೇ ಆ ಬಾಗಿಲನ್ನು ಮುಚ್ಚಿಬಿಟ್ಟಿತ್ತು. ಬೋರ್ಡಿನ ಮುಂದೆ ನಿಲ್ಲಿಸಿದ್ದರೆ ಅತ್ತಿಗೆ ಎಷ್ಟು ಮಾತಾಡುತ್ತಿದ್ದಳು! ಆ ಬಾಯಿಗೆ ಬೋರ್ಡಿನವರು ಸೋಲುತ್ತಿದ್ದರು.

ಮುಂದಿನ ವಾರ ಅತ್ತಿಗೆಗೆ ಸಿಬ್ಬಂದಿ ವಿಭಾಗದಿಂದ ಮಾತು ಬಂತು. ವಯಸ್ಸಿನಿಂದ ಬೆನ್ನು ಸವೆದಿದೆ, ಶೆಡ್ಡಿನ ಕೆಲಸಕ್ಕೆ ಆಗುವುದಿಲ್ಲ, ಬಿಡುಗಡೆಯ ಕಾಗದ ಬಂದು ತೆಗೆದುಕೊಂಡು ಹೋಗಬೇಕು. ಮೇಸ್ತ್ರಿಯೇ ಮನೆ ಬಾಗಿಲಿಗೆ ಬಂದು ಹೇಳಿ ಹೋಗಿದ್ದ. ಸೂಜಿ ಸಂಜೆ ಮನೆ ಸೇರಿದಾಗ ಅತ್ತಿಗೆ ಸ್ಟೂಲಿನ ಮೇಲೆ ನೆಟ್ಟಗೆ ಕೂತು ತರಕಾರಿ ಹೆಚ್ಚುತ್ತಿದ್ದಳು. ಬಗ್ಗಲಾಗದ್ದರಿಂದ ಮಣೆಯನ್ನು ತೊಡೆಯ ಮೇಲೆ ಇಟ್ಟುಕೊಂಡಿದ್ದಳು.

“ಸವೆದಿದೆಯಂತೆ,” ಎಂದಳು. “ಸವೆದಿರೋದು ಹೌದು. ಯಾತಕ್ಕೆ ಸವೀತು ಅಂತ ಒಬ್ಬರಾದ್ರೂ ಕೇಳ್ಬೇಕಿತ್ತು ನೋಡು.”

ಸೂಜಿ ಚೀಲವನ್ನೂ ಕೆಳಗಿಡದೆ ನಿಂತಲ್ಲೇ ಹೇಳಿದಳು. ಫೈಲು ತನ್ನ ಹತ್ತಿರ ಬಂದದ್ದು, ದಾಟಿಸದೆ ಇಟ್ಟುಕೊಂಡದ್ದು, ಚೀಟಿ ಕಳಿಸಿದ್ದು, ಯಾವ ಚೌಕ ಇಟ್ಟೆ, ಯಾವುದನ್ನು ಇಡಲಿಲ್ಲ, ಯಾಕೆ ಇಡಲಿಲ್ಲ, ಆಯ್ತಪ್ಪ ಹೇಳಿದ್ದು ಏನು, ಎಲ್ಲವನ್ನೂ ಒಂದೂ ಬಿಡದೆ. ಹೇಳುತ್ತ ಹೇಳುತ್ತ ಅವಳಿಗೆ ತನ್ನ ದನಿಯೇ ಯಾರೋ ಫೈಲು ಓದಿದ ಹಾಗೆ ಕೇಳಿಸಿತು. ಅತ್ತಿಗೆ ಹೆಚ್ಚುವುದನ್ನು ನಿಲ್ಲಿಸಲಿಲ್ಲ. ಚಾಕು ಮಣೆಗೆ ಬಡಿಯುವ ಸದ್ದು ಮಾತ್ರ ನಿಧಾನವಾಯಿತು.

ಮುಗಿದ ಮೇಲೆ ಅತ್ತಿಗೆ ಕೇಳಿದಳು, “ನಾನು ಹೇಗೆ ಮನೆಗೆ ಬರ್ತೀನಿ ಅಂತ ನೀನು ದಿನಾ ನೋಡ್ತಿದ್ದೆ ತಾನೇ?”

“ಹೂಂ.”

“ಗೋಡೆ ಹಿಡ್ಕೊಂಡು ಬರೋದು, ಚಪ್ಪಲಿ ಬಿಡೋಕೆ ನಿನ್ನನ್ನ ಕರೆಯೋದು, ಎಲ್ಲ ನೋಡ್ತಿದ್ದೆ. ಆದ್ರೂ ನನ್ನ ಬೆನ್ನಿಗೇನಾಯ್ತು ಅಂತ ಹೋಗಿ ಅವರನ್ನ ಕೇಳ್ದೆ.”

“ನಾನು ನೋಡಿದ್ದನ್ನ ಬರೆಯೋ ಹಾಗಿಲ್ಲ ಅತ್ತಿಗೆ. ಅದು ನಮ್ಮ...”

“ಗೊತ್ತು ಬಿಡು. ನಿಮ್ಮ ಕೋಣೆಯ ಕಾನೂನು. ಬರೀಬೇಡ. ಸುಮ್ಮನೆ ಇರೋಕೂ ಆಗ್ಲಿಲ್ವಾ? ಆ ಸೋಮಾರಿ ಕೈಗೆ ಹಾಕಿ ಸುಮ್ಮನೆ ಇದ್ದಿದ್ರೆ ನಾನೇ ಹೋಗಿ ನನ್ನ ಬಾಯಲ್ಲಿ ಹೇಳ್ಕೊತಿದ್ದೆ. ನೀನು ನನ್ನನ್ನ ಚೊಕ್ಕವಾಗಿ ಬರೆಯೋಕೆ ಹೋಗಿ ನನ್ನ ಬಾಯಿ ಮುಚ್ಚಿಸ್ದೆ.”

ಸೂಜಿ ಆಗ ದಾರಿಯುದ್ದಕ್ಕೂ ಕಟ್ಟಿಕೊಂಡು ಬಂದಿದ್ದ ಮಾತನ್ನು ಬಿಚ್ಚಿದಳು. ಇನ್ನೂ ಒಂದು ಉಪಾಯ ಇದೆ. ನಾಳೆ ಮೇಲ್ವಿಚಾರಕಿಯ ಹತ್ತಿರ ಹೋಗಿ, ಅವರು ನನ್ನ ಅತ್ತಿಗೆ, ನಾನು ಮುಟ್ಟಬಾರದ ಫೈಲು ಮುಟ್ಟಿದ್ದೇನೆ ಎಂದು ಒಪ್ಪಿಕೊಂಡರೆ, ಚೀಟಿಯೂ ರದ್ದು, ಕೋಡೂ ರದ್ದು. ಫೈಲು ಮೊದಲಿನ ಹಾಗೆ ಆಯ್ತಪ್ಪನ ಕೈಗೆ ಹೋಗುತ್ತದೆ. ಅವನು ಬುಟ್ಟಿಗೆ ಹಾಕುತ್ತಾನೆ. ಬೋರ್ಡು ನಿಮ್ಮನ್ನು ಕರೆಯುತ್ತದೆ.

“ನಿನಗೇನಾಗುತ್ತೆ?” ಎಂದಳು ಅತ್ತಿಗೆ.

“ತೆಗೀತಾರೆ.”

ಚಾಕು ನಿಂತಿತು. ಅತ್ತಿಗೆ ತುಂಬ ಹೊತ್ತು ಮಣೆಯ ಮೇಲಿನ ಚೂರುಗಳನ್ನು ಬೆರಳಿನಿಂದ ಒಂದು ಕಡೆ ಗುಡ್ಡೆ ಮಾಡಿದಳು. ಆಮೇಲೆ ಅಂಗಡಿಯಲ್ಲಿ ಸಾಮಾನು ಬೇಡ ಅನ್ನುವ ದನಿಯಲ್ಲಿ ಅಂದಳು:

“ಬೇಡ. ಬೋರ್ಡಿನವರು ಕರೀಬಹುದು, ಕರೆದು ಆಗಲ್ಲ ಹೋಗು ಅನ್ನಲೂಬಹುದು. ಆಗ ಇಬ್ಬರೂ ಮನೇಲಿ ಕೂತು ಒಬ್ಬರ ಮುಖ ಒಬ್ಬರು ನೋಡ್ತಾ ಇರಬೇಕಾ? ಒಲೆ ಹಚ್ಚೋಕೆ ಒಬ್ಬಳಾದ್ರೂ ದುಡೀಬೇಕು. ನೀನು ನಿನ್ನ ಕುರ್ಚೀಲಿ ಕೂತ್ಕೊ.”

ಸೂಜಿ ಇಲ್ಲ ಅನ್ನಬೇಕಿತ್ತು. ಇಲ್ಲ ಅತ್ತಿಗೆ, ನಾನು ಹೋಗಿ ಹೇಳೇ ಹೇಳುತ್ತೇನೆ ಅನ್ನಬೇಕಿತ್ತು. ಬಾಯಿ ತೆರೆದದ್ದೂ ನಿಜ. ಆದರೆ ಅದಕ್ಕೂ ಮೊದಲೇ, ಅವಳು ತಡೆಯುವುದರೊಳಗೆ, ಎದೆಯಿಂದ ಒಂದು ಉಸಿರು ಹೊರಗೆ ಬಂತು. ಬಿಗಿಹಿಡಿದ ಹೊರೆಯನ್ನು ಇಳಿಸಿದಾಗ ಬರುವಂಥ ಉಸಿರು. ಚಿಕ್ಕ ಮನೆ ಅದು. ಅತ್ತಿಗೆಗೆ ಕೇಳಿಸಿತು. ಅವಳು ತಲೆಯೆತ್ತಿ ನಾದಿನಿಯ ಮುಖವನ್ನು ಒಮ್ಮೆ ನೋಡಿದಳು, ನೋಡಿ ಕಣ್ಣು ಕೆಳಗೆ ಮಾಡಿದಳು. ಅದಾದ ಮೇಲೆ ಸೂಜಿ ಏನು ಹೇಳಿದ್ದರೂ ಅದಕ್ಕೆ ಬೆಲೆ ಇರಲಿಲ್ಲ.

“ಈ ಮಣೆ ತಗೊಂಡು ಒಳಗಿಡು. ನನಗೆ ಏಳೋಕಾಗಲ್ಲ,” ಎಂದಳು ಅತ್ತಿಗೆ.

ಕಾಗದ ತರುವ ದಿನ ಸೂಜಿ ಅರ್ಧ ದಿನದ ರಜೆ ಹಾಕಿ ಅತ್ತಿಗೆಯ ಜೊತೆ ಹೊರಟಳು. ಬೇಡ ಎಂದಳು ಅತ್ತಿಗೆ, ಆದರೆ ಬಸ್ಸಿನ ಮೆಟ್ಟಿಲು ಹತ್ತಲು ಕೈ ಬೇಕೇ ಬೇಕಿತ್ತು. ಸಿಬ್ಬಂದಿ ವಿಭಾಗ ನೆಲಮಾಳಿಗೆಯಲ್ಲಿತ್ತು. ಕಡಿದಾದ ಮೆಟ್ಟಿಲು, ಕೈಹಿಡಿಕೆಯಿಲ್ಲ. ಒಂದೊಂದು ಮೆಟ್ಟಿಲಿಗೂ ಅತ್ತಿಗೆ ಎರಡೂ ಪಾದ ಊರಿ ನಿಂತು, ಸೂಜಿಯ ಮುಂಗೈ ಬಿಗಿಹಿಡಿದು ಇಳಿದಳು. ಅವಳ ಉಗುರು ನಾಟಿ ಸೂಜಿಯ ಕೈಯಲ್ಲಿ ಕೆಂಪು ಗೆರೆ ಎದ್ದವು.

ಕೆಳಗೆ ಒಂದು ಉದ್ದನೆಯ ಕಟ್ಟೆ, ಅದರ ಹಿಂದೆ ಗುಮಾಸ್ತ. ಒಳ್ಳೆಯ ಮನುಷ್ಯ. ನಿಲ್ಲಬೇಡಿ ಎಂದು ಸ್ಟೂಲು ತೋರಿಸಿದ. ಕೂತರೆ ಏಳುವುದು ಕಷ್ಟ ಎಂದು ಅತ್ತಿಗೆ ನಿಂತೇ ಇದ್ದಳು. ಕಾಗದ ಹುಡುಕಿ ತೆಗೆದ. ಸಹಿ ಎಲ್ಲಿ ಮಾಡಬೇಕೆಂದು ಬೆರಳಿಟ್ಟು ತೋರಿಸಿದ. ಅತ್ತಿಗೆ ನಿಧಾನವಾಗಿ, ಒಂದೊಂದೇ ಅಕ್ಷರ ಕೂಡಿಸಿ ಸಹಿ ಮಾಡಿದಳು. ಒಳಗೇನು ಬರೆದಿದೆ ಓದಿ ಹೇಳಲೇ ಎಂದು ಗುಮಾಸ್ತ ಕೇಳಿದ. ಗೊತ್ತಿದೆ ಎಂದಳು.

ಗುಮಾಸ್ತನ ಕಣ್ಣು ಆಗ ಸೂಜಿಯ ಕಡೆ ತಿರುಗಿತು. ಕೊರಳಲ್ಲಿ ನೇತಾಡುತ್ತಿದ್ದ ಮೇಲಿನ ಮಹಡಿಯ ಗುರುತಿನ ಚೀಟಿ ನೋಡಿದ. ಅದನ್ನು ತೆಗೆದು ಚೀಲದಲ್ಲಿ ಹಾಕಿಕೊಳ್ಳುವುದು ಅವಳಿಗೆ ಹೊಳೆದೇ ಇರಲಿಲ್ಲ.

“ನೀವು ಕೋಡಿಂಗ್‌ನವರಲ್ವಾ?” ಎಂದ. “ಇವರಿಗೆ ಏನಾಗಬೇಕು ನೀವು?”

ಕೇಳಿದ್ದು ಸುಮ್ಮನೆ, ಮಾತಿಗೆ ಮಾತು. ಸೂಜಿ ಗುರುತಿನ ಚೀಟಿಯನ್ನು ಅಂಗೈಯಲ್ಲಿ ಮುಚ್ಚಿದಳು. ಈಗ ಹೇಳಿಬಿಡಬಹುದಿತ್ತು. ಇನ್ನೂ ಕಾಲ ಮೀರಿರಲಿಲ್ಲ, ಕಾಗದದ ಶಾಯಿಯೂ ಆರಿರಲಿಲ್ಲ. ನಾದಿನಿ ಎಂಬ ಮಾತು ನಾಲಿಗೆಯ ಮೇಲೆ ಬಂದು ಕೂತಿತ್ತು. ಅದು ಅಲ್ಲಿಯೇ ಕೂತಿರುವಾಗ ಅತ್ತಿಗೆಯೇ ತಿರುಗಿದಳು. ಸೊಂಟ ತಿರುಗದ್ದರಿಂದ ಇಡೀ ಮೈಯನ್ನೇ ತಿರುಗಿಸಿದಳು.

“ಏನೂ ಆಗಬೇಕಿಲ್ಲ ಸ್ವಾಮಿ,” ಎಂದಳು. “ಮೆಟ್ಟಿಲು ಇಳಿಯೋಕೆ ಕಷ್ಟ ಪಡ್ತಿದ್ದೆ. ಪಾಪ, ನೋಡಿ ಕೈ ಕೊಟ್ರು.”

“ಒಳ್ಳೆಯವರು,” ಎಂದ ಗುಮಾಸ್ತ.

“ಹೌದು, ಬಲು ಒಳ್ಳೆಯವರು,” ಎಂದಳು ಅತ್ತಿಗೆ.

ಕಾಗದವನ್ನು ನಾಲ್ಕು ಮಡಿಕೆ ಮಾಡಿ ರವಿಕೆಯೊಳಗೆ ಸಿಕ್ಕಿಸಿಕೊಂಡಳು. ಸೂಜಿ ಕೈ ಚಾಚಿದಳು. ಅತ್ತಿಗೆ ಅದನ್ನು ಹಿಡಿಯಲಿಲ್ಲ. ಗೋಡೆಗೆ ಅಂಗೈ ಊರಿ, ಒಂದೊಂದು ಮೆಟ್ಟಿಲಿಗೂ ನಿಂತು ಉಸಿರು ತೆಗೆದುಕೊಂಡು, ತಾನೇ ಮೇಲೆ ಹತ್ತತೊಡಗಿದಳು. ಗುಮಾಸ್ತ ನೋಡುತ್ತಿದ್ದ. ಏನೂ ಆಗಬೇಕಿಲ್ಲದವಳು ಓಡಿಹೋಗಿ ಸೊಂಟ ಹಿಡಿಯುವುದು ಹೇಗೆ? ಸೂಜಿ ಕೆಳಗೆ ಕಟ್ಟೆಯ ಪಕ್ಕದಲ್ಲೇ ನಿಂತು, ಅತ್ತಿಗೆಯ ಹಿಮ್ಮಡಿ ಕಣ್ಣಿನಿಂದ ಮರೆಯಾಗುವ ತನಕ ಕಾದಳು.